ಹುಳಿಗೆ ಕರಗುವ ಹಲ್ಲು

ಹಲ್ಲಿನ ಮೇಲಿನ ಬಿಳಿ ಕವಚಕ್ಕೆ ಎನಾಮಲ್ ಎಂದು ಹೆಸರು. ಮನುಷ್ಯನ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ; ಮೂಳೆಯೂ ಇದರ ಮುಂದೆ ಮೆದು. ತೂಕದಲ್ಲಿ ನೂರಕ್ಕೆ 96 ಪಾಲು ಖನಿಜ, ಉಳಿದದ್ದು ನೀರು ಮತ್ತು ಒಂದಿಷ್ಟು ಪ್ರೋಟೀನ್. ಆ ಖನಿಜ ಹೈಡ್ರಾಕ್ಸಿಅಪಟೈಟ್, ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹರಳು. ಇಂಥ ಹರಳುಗಳು ಒತ್ತೊತ್ತಾಗಿ ಜೋಡಿಸಿಕೊಂಡು ಸುಮಾರು 5 ಮೈಕ್ರೋಮೀಟರ್ ದಪ್ಪದ ಕಂಬಿಗಳಾಗಿ, ಆ ಕಂಬಿಗಳು ಒಂದರ ಪಕ್ಕ ಒಂದು ನಿಂತು ಹಲ್ಲಿನ ಮೇಲ್ಮೈ ಆಗುತ್ತದೆ. ದವಡೆಹಲ್ಲಿನ ಏಣುಗಳ ತುದಿಯಲ್ಲಿ ಈ ಕವಚ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ ಇರುತ್ತದೆ. ಕೆಳಗಿಳಿದಂತೆ ತೆಳುವಾಗುತ್ತ ವಸಡಿನ ಅಂಚಿಗೆ ಬರುವ ಹೊತ್ತಿಗೆ ಇಲ್ಲವೆನ್ನುವಷ್ಟಾಗುತ್ತದೆ. ಅದರ ಒಳಗಿರುವುದು ಡೆಂಟಿನ್ ಎಂಬ ಹಳದಿ ಬಣ್ಣದ, ಅಷ್ಟು ಗಟ್ಟಿಯಲ್ಲದ ಭಾಗ. ಡೆಂಟಿನ್ನಿನ ಒಳಗೆ ನರ ಮತ್ತು ರಕ್ತನಾಳಗಳಿರುವ ತಿರುಳು.

ಚಕ್ಕುಲಿ, ಹುರಿಗಡಲೆ, ಕಬ್ಬಿನ ಜಲ್ಲೆ ಎಲ್ಲವನ್ನೂ ಅರವತ್ತು ಎಪ್ಪತ್ತು ವರ್ಷ ಕಡಿದು ತಾಳಿಕೊಳ್ಳುವ ಈ ಕವಚ ಆಮ್ಲಕ್ಕೆ ಮಾತ್ರ ಸೋಲುತ್ತದೆ. ಸೋತ ಮೇಲೆ ಚೇತರಿಸಿಕೊಳ್ಳುವ ದಾರಿಯೂ ಅದಕ್ಕಿಲ್ಲ. ಎನಾಮಲ್ಲನ್ನು ಕಟ್ಟುವ ಜೀವಕೋಶಗಳು ಹಲ್ಲು ವಸಡನ್ನು ಸೀಳಿ ಹೊರಬರುವ ಹೊತ್ತಿಗೆ ತಮ್ಮ ಕೆಲಸ ಮುಗಿಸಿ ಇಲ್ಲವಾಗಿರುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಹರಿದ ಚರ್ಮ ಮಾಯುತ್ತದೆ. ಎನಾಮಲ್ ಹೋದರೆ ಹೋಯಿತು.

ಹಲ್ಲು ಹಾಳಾಯಿತು ಎಂದ ಕೂಡಲೇ ನೆನಪಾಗುವುದು ಹುಳುಕು. ಆಮ್ಲದಿಂದ ಆಗುವ ಸವೆತ ಅದಲ್ಲ. ಹುಳುಕಿನಲ್ಲಿ ಬ್ಯಾಕ್ಟೀರಿಯಾಗಳು ಹಲ್ಲಿಗೆ ಅಂಟಿದ ಪಾಚಿಯಲ್ಲಿ ಕುಳಿತು, ನಾವು ತಿಂದ ಸಕ್ಕರೆಯನ್ನು ತಾವು ತಿಂದು, ಆಮ್ಲವನ್ನು ಹೊರಬಿಡುತ್ತವೆ. ಅದು ಒಂದು ಸಂದಿಯಲ್ಲಿ, ಒಂದು ಚುಕ್ಕಿಯಲ್ಲಿ ಶುರುವಾಗಿ ಆಳಕ್ಕೆ ಇಳಿಯುತ್ತದೆ. ಆಮ್ಲ ಸವೆತದಲ್ಲಿ ಬ್ಯಾಕ್ಟೀರಿಯಾಗಳ ಪಾತ್ರವೇ ಇಲ್ಲ. ಆಮ್ಲ ಹೊರಗಿನಿಂದ ಬಾಯಿಗೆ ಬರುತ್ತದೆ, ಇಲ್ಲವೇ ಹೊಟ್ಟೆಯಿಂದ ಮೇಲೇರುತ್ತದೆ, ನೇರವಾಗಿ ಹಲ್ಲಿನ ಮೇಲ್ಮೈಯನ್ನು ಅಗಲಕ್ಕೆ ಕರಗಿಸುತ್ತದೆ. ಹೀಗಾಗಿ ದಿನಕ್ಕೆ ಎರಡು ಸಲ ಶ್ರದ್ಧೆಯಿಂದ ಹಲ್ಲುಜ್ಜುವ, ಪಾಚಿಯ ಕುರುಹೂ ಇಲ್ಲದ ಬಾಯಲ್ಲಿ ಈ ಸವೆತ ಧಾರಾಳವಾಗಿ ಕಾಣಸಿಗುತ್ತದೆ. ಹಲ್ಲಿಗೆ ಹಲ್ಲು ತಿಕ್ಕಿ ಆಗುವ ಸವೆತ ಇನ್ನೊಂದು ಬಗೆ. ಬ್ರಶ್ಶು, ಪುಡಿ, ಕಡ್ಡಿಗಳ ಉಜ್ಜಾಟದಿಂದ ಆಗುವುದು ಮತ್ತೊಂದು. ವಾಸ್ತವದಲ್ಲಿ ಇವು ಒಂಟಿಯಾಗಿ ಬರುವುದು ಕಡಿಮೆ. ಆಮ್ಲ ಮೆದುಗೊಳಿಸಿದ್ದನ್ನು ಉಜ್ಜಾಟ ಕಿತ್ತುಕೊಂಡು ಹೋಗುತ್ತದೆ. ಹುಳುಕಿಗೆ ಬ್ಯಾಕ್ಟೀರಿಯಾಗಳ ಆಮ್ಲ ಕಾರಣವೆಂದು 1890ರಲ್ಲಿ ವಿವರಿಸಿದ ಡಬ್ಲ್ಯು. ಡಿ. ಮಿಲ್ಲರ್ ಅವರೇ 1907ರಲ್ಲಿ ಈ ಹುಳುಕಿಲ್ಲದ ಸವೆತದ ಬಗ್ಗೆಯೂ ಪ್ರಯೋಗಗಳನ್ನು ಮಾಡಿ ಬರೆದರು. ವಿಷಯ ಹೊಸದೇನಲ್ಲ, ಸಾಮಾನ್ಯರ ಗಮನಕ್ಕೆ ಬಂದದ್ದು ತಡವಾಗಿ.

ಆಮ್ಲದ ತೀಕ್ಷ್ಣತೆಯನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಶುದ್ಧ ನೀರು 7. ಅದಕ್ಕಿಂತ ಕೆಳಗೆ ಒಂದೊಂದು ಅಂಕಿ ಇಳಿದಂತೆ ಹುಳಿ ಹತ್ತು ಪಟ್ಟು ಏರುತ್ತದೆ. ಬಾಯಿಯ ದ್ರವದ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದಾಗ ಎನಾಮಲ್ಲಿನ ಹರಳುಗಳಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಹೊರಬೀಳಲು ತೊಡಗುತ್ತವೆ. ನಿಂಬೆರಸ 2ರಿಂದ 3ರ ನಡುವೆ ಇರುತ್ತದೆ, ಕೋಲಾ ಪಾನೀಯಗಳು ಸುಮಾರು 2.5, ಕಿತ್ತಳೆ ರಸ ಮೂರೂವರೆಯ ಆಸುಪಾಸು. ಹೊಟ್ಟೆಯ ಆಮ್ಲ ಇವೆಲ್ಲಕ್ಕಿಂತ ತೀಕ್ಷ್ಣ, 1ರಿಂದ 2.

ಆದರೆ ಪಿಎಚ್ ಒಂದನ್ನೇ ನೋಡಿ ತೀರ್ಪು ಕೊಡುವಂತಿಲ್ಲ. ಇದಕ್ಕೆ ಮೊಸರು ಒಳ್ಳೆಯ ಸಾಕ್ಷಿ. ಮೊಸರಿನ ಪಿಎಚ್ 4ರಿಂದ 4.5ರಷ್ಟಿದ್ದು, ಲೆಕ್ಕದ ಪ್ರಕಾರ ಅದು ಹಲ್ಲನ್ನು ಕರಗಿಸಬೇಕು. ಕರಗಿಸುವುದಿಲ್ಲ. ಮೊಸರಿನ ತುಂಬ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಆಗಲೇ ಕರಗಿಕೊಂಡಿವೆ. ಗಟ್ಟಿ ಪಾಕಕ್ಕೆ ಇನ್ನಷ್ಟು ಸಕ್ಕರೆ ಸುರಿದರೆ ಅದು ಕರಗದೆ ತಳದಲ್ಲಿ ನಿಲ್ಲುವ ಹಾಗೆ, ಹಲ್ಲಿನ ಖನಿಜ ಅದರೊಳಗೆ ಇಳಿಯಲು ಜಾಗವೇ ಇರುವುದಿಲ್ಲ. ಕ್ಯಾಲ್ಸಿಯಂ ಸೇರಿಸಿದ ಹಣ್ಣಿನ ರಸ ಮಾಮೂಲಿ ರಸಕ್ಕಿಂತ ಕಡಿಮೆ ಹಾನಿ ಮಾಡುವುದೂ ಇದೇ ಕಾರಣಕ್ಕೆ. ಇದಕ್ಕೆ ತದ್ವಿರುದ್ಧ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ. ಅದು ಹುಳಿಯಿಂದ ಕರಗಿಸುವುದಲ್ಲದೆ ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುತ್ತದೆ, ಹೀಗಾಗಿ ಎರಡು ಕಡೆಯಿಂದ ಪೆಟ್ಟು. ಇನ್ನೂ ಒಂದು ಸಂಗತಿ: ಆಮ್ಲವನ್ನು ತಟಸ್ಥಗೊಳಿಸಲು ಎಷ್ಟು ಪ್ರಯಾಸ ಬೇಕು ಎನ್ನುವುದು ಪಾನೀಯದಿಂದ ಪಾನೀಯಕ್ಕೆ ಬೇರೆ. ಬರೀ ಸೋಡಾದಲ್ಲಿರುವುದು ಕಾರ್ಬಾನಿಕ್ ಆಮ್ಲ, ದುರ್ಬಲ. ಜೊಲ್ಲು ಅದನ್ನು ಬೇಗ ಸರಿಪಡಿಸುತ್ತದೆ. ಗೋಲಿಸೋಡಾದ ಗುಳ್ಳೆಯನ್ನು ದೂರುವವರು ಅದಕ್ಕೆ ಹಿಂಡಿದ ನಿಂಬೆಯನ್ನು ಬಿಟ್ಟುಬಿಡುತ್ತಾರೆ. ಸಕ್ಕರೆಯಿಲ್ಲದ ಕೋಲಾ ಹಲ್ಲಿಗೆ ಒಳ್ಳೆಯದೆಂಬ ನಂಬಿಕೆಯೂ ಅರ್ಧ ಮಾತ್ರ ನಿಜ. ಅದು ಹುಳುಕಿನ ಮಟ್ಟಿಗೆ ಸರಿ; ಫಾಸ್ಫಾರಿಕ್ ಆಮ್ಲ ಅದರಲ್ಲೂ ಇರುತ್ತದೆ.

ಬಾಯಿಯ ಕಾವಲುಗಾರ ಜೊಲ್ಲು. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಅದು ಸ್ರವಿಸುತ್ತದೆ. ಅದರಲ್ಲಿನ ಬೈಕಾರ್ಬೊನೇಟ್ ಆಮ್ಲವನ್ನು ತಟಸ್ಥಗೊಳಿಸುತ್ತದೆ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮೆದುವಾದ ಮೇಲ್ಮೈಗೆ ಒಂದಿಷ್ಟು ಖನಿಜವನ್ನು ಮರಳಿಸುತ್ತವೆ, ಪ್ರೋಟೀನುಗಳು ಹಲ್ಲಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆಯೊಂದನ್ನು ಹಾಸುತ್ತವೆ. ಹುಳಿ ನಾಲಿಗೆಗೆ ತಾಗಿದೊಡನೆ ಬಾಯಲ್ಲಿ ನೀರೂರುವುದು ಇದೇ ರಕ್ಷಣೆಯ ಮೊದಲ ಹೆಜ್ಜೆ. ನಿದ್ದೆಯಲ್ಲಿ ಈ ಸ್ರಾವ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಬಿಸಿಲಲ್ಲಿ ಬೆವರಿ ದೇಹದ ನೀರು ಬತ್ತಿದಾಗಲೂ ಇಳಿಯುತ್ತದೆ. ಅಲರ್ಜಿ, ಖಿನ್ನತೆ ಮೊದಲಾದವುಗಳಿಗೆ ಕೊಡುವ ಹಲವು ಔಷಧಗಳು, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ನೀಡುವ ವಿಕಿರಣ ಚಿಕಿತ್ಸೆ ಬಾಯನ್ನು ಒಣಗಿಸುತ್ತವೆ. ಒಣಬಾಯಿಯವರಿಗೆ ಬೇರೆಯವರ ಪಾಲಿಗೆ ನಿರುಪದ್ರವಿಯಾದ ಹುಳಿಯೂ ದುಬಾರಿಯಾಗುತ್ತದೆ.

ಮಾತು ಇಲ್ಲಿಗೆ ಬಂದರೆ ಕನ್ನಡನಾಡಿನ ಅಡುಗೆಮನೆಯ ಮೇಲೆ ಸಂಶಯ ಬೀಳುವುದು ಸಹಜ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ, ನೆಲ್ಲಿಕಾಯಿ, ಮಾವಿನಕಾಯಿ, ಕರಾವಳಿಯ ಪುನರ್ಪುಳಿ ಎಲ್ಲವೂ ಹುಳಿಯೇ. ಸಾರಿಲ್ಲದೆ, ಹುಳಿಯಿಲ್ಲದೆ ಊಟವೇ ಇಲ್ಲದ ಊರಿನಲ್ಲಿ ಎಲ್ಲರ ಹಲ್ಲೂ ಕರಗಿಹೋಗಬೇಕಿತ್ತಲ್ಲ? ಹಾಗಾಗದಿರುವುದಕ್ಕೆ ಕಾರಣ ಹುಳಿಯ ಪ್ರಮಾಣಕ್ಕಿಂತ ಅದು ಹಲ್ಲಿಗೆ ತಾಗಿರುವ ಹೊತ್ತು ಮುಖ್ಯವೆನ್ನುವುದು. ಸಾರಿನ ಹುಣಸೆ ನೀರಲ್ಲಿ ತೆಳುವಾಗಿ, ಬೇಳೆಯೊಂದಿಗೆ ಬೆಂದು, ಅನ್ನದ ಜೊತೆ ಕಲಸಿ ಬಾಯಿಗೆ ಬರುತ್ತದೆ. ಊಟ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಗಿಯುವಾಗ ಜೊಲ್ಲು ಧಾರಾಳವಾಗಿ ಬರುತ್ತದೆ. ಕೊನೆಗೆ ಮೊಸರನ್ನ. ಹಲ್ಲಿನ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಕ್ರಮವನ್ನು ದಂತವೈದ್ಯರು ಕುಳಿತು ಯೋಚಿಸಿದ್ದರೂ ರೂಪಿಸುವುದು ಕಷ್ಟವಿತ್ತು.

ತೊಂದರೆ ಕೊಡುವುದು ಊಟದ ಹೊರಗಿನ ಹುಳಿ. ಮೇಜಿನ ಮೇಲೆ ತಂಪು ಪಾನೀಯದ ಬಾಟಲಿ ಇಟ್ಟುಕೊಂಡು ಗಂಟೆಗಟ್ಟಲೆ ಗುಟುಕು ಗುಟುಕಾಗಿ ಹೀರುವವರ ಬಾಯಲ್ಲಿ ಪ್ರತಿ ಗುಟುಕಿಗೂ ಪಿಎಚ್ ಕುಸಿಯುತ್ತದೆ. ಜೊಲ್ಲು ಅದನ್ನು ಮೇಲೆತ್ತುವಷ್ಟರಲ್ಲಿ ಇನ್ನೊಂದು ಗುಟುಕು. ಅದೇ ಬಾಟಲಿಯನ್ನು ಊಟದ ಜೊತೆ ಐದು ನಿಮಿಷದಲ್ಲಿ ಕುಡಿದು ಮುಗಿಸಿದ್ದರೆ ಹಾನಿ ಅದರ ಒಂದು ಪಾಲು ಮಾತ್ರ. ಪಾನೀಯವನ್ನು ಬಾಯಲ್ಲಿ ಆಡಿಸಿ ನುಂಗುವ ಅಭ್ಯಾಸ, ವ್ಯಾಯಾಮದಿಂದ ಗಂಟಲು ಒಣಗಿರುವಾಗ ಕುಡಿಯುವ ಹುಳಿ ಬೆರೆತ ಕ್ರೀಡಾಪಾನೀಯ, ಮಲಗುವ ಮಗುವಿನ ಬಾಯಿಗಿಟ್ಟ ಹಣ್ಣಿನ ರಸದ ಬಾಟಲಿ ಇವೂ ಇದೇ ಸಾಲಿಗೆ ಸೇರುತ್ತವೆ. ಮಕ್ಕಳ ಹಾಲುಹಲ್ಲಿನ ಎನಾಮಲ್ ದೊಡ್ಡವರದಕ್ಕಿಂತ ಬಹಳ ತೆಳು, ಸವೆತ ಬೇಗ ಡೆಂಟಿನ್ ಮುಟ್ಟುತ್ತದೆ. ಚೀಪುವ ವಿಟಮಿನ್ ಸಿ ಮಾತ್ರೆ, ಹುಣಸೆ ಹಣ್ಣಿನ ಉಂಡೆ, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು: ಒಂದು ದಿನ ಸಂಜೆ ತಿಂದು ಹಲ್ಲು ಚಳಿತುಹೋದರೆ ಅದೊಂದು ಸುಖವೇ, ದಿನವೂ ಕೆನ್ನೆಯ ಸಂದಿಯಲ್ಲಿಟ್ಟು ಚೀಪಿದರೆ ಆ ಬದಿಯ ಹಲ್ಲುಗಳೇ ಹೆಚ್ಚು ಸವೆದಿರುವುದು ಕಾಣುತ್ತದೆ.

ಈಚಿನ ವರ್ಷಗಳಲ್ಲಿ ಆರೋಗ್ಯದ ಹೆಸರಿನಲ್ಲೇ ಒಂದು ಹೊಸ ದಾರಿ ತೆರೆದುಕೊಂಡಿದೆ. ಬೆಳಗ್ಗೆ ಎದ್ದೊಡನೆ ಖಾಲಿ ಹೊಟ್ಟೆಯಲ್ಲಿ ಬಿಸಿನೀರಿಗೆ ನಿಂಬೆ, ಜೇನು. ಕೆಲವರಿಗೆ ಸೇಬಿನ ವಿನಿಗರ್. ರಾತ್ರಿಯಿಡೀ ಜೊಲ್ಲಿಲ್ಲದೆ ಒಣಗಿದ ಬಾಯಿ, ಬಿಸಿಯಾದ್ದರಿಂದ ಇನ್ನೂ ಚುರುಕಾದ ಆಮ್ಲ, ನಿಧಾನವಾಗಿ ಹೀರುವ ರೂಢಿ, ಕೂಡಲೇ ಹೋಗಿ ಗಸಗಸ ಹಲ್ಲುಜ್ಜುವ ಆತುರ. ಸವೆತಕ್ಕೆ ಬೇಕಾದದ್ದೆಲ್ಲ ಒಂದೇ ಲೋಟದ ಸುತ್ತ ಕೂಡಿಬರುತ್ತದೆ. ಹಾಲು ಬೆರೆಸಿದ ಕಾಫಿಯನ್ನು ಬಿಟ್ಟು ಈ ಲೋಟಕ್ಕೆ ಬಂದವರು ಹಲ್ಲಿನ ಸವೆತದ ಲೆಕ್ಕದಲ್ಲಿ ನಷ್ಟದ ವ್ಯಾಪಾರವನ್ನೇ ಮಾಡಿದ್ದಾರೆ. ಕಾಫಿಯ ಸಕ್ಕರೆ ಹುಳುಕಿಗೆ ದಾರಿಯಾದೀತು, ಕಾಫಿ ಮಾತ್ರ ಎನಾಮಲ್ಲನ್ನು ಕರಗಿಸುವುದಿಲ್ಲ.

ಒಳಗಿನಿಂದ ಬರುವ ಆಮ್ಲ ಇನ್ನೂ ಉಗ್ರ, ಗುರುತಿಸುವುದೂ ಕಷ್ಟ. ಎದೆಯುರಿ, ಹುಳಿತೇಗು ಇರುವವರಲ್ಲಿ ಹೊಟ್ಟೆಯ ಆಮ್ಲ ಅನ್ನನಾಳವನ್ನು ದಾಟಿ ಬಾಯಿಯವರೆಗೆ ಬರುತ್ತದೆ. ಮಲಗಿದಾಗ ಹೆಚ್ಚು, ಆಗಲೇ ಜೊಲ್ಲು ಕಡಿಮೆ. ಎದೆಯುರಿಯ ಸುಳಿವೇ ಇಲ್ಲದೆ ನಿದ್ದೆಯಲ್ಲಿ ಆಮ್ಲ ಮೇಲೇರುವುದೂ ಉಂಟು, ಅಂಥವರ ರೋಗವನ್ನು ಮೊದಲು ಕಂಡುಹಿಡಿಯುವುದು ಕೆಲವೊಮ್ಮೆ ದಂತವೈದ್ಯರೇ. ಹೊರಗಿನ ಹುಳಿ ಸಾಮಾನ್ಯವಾಗಿ ಮುಂದಿನ ಹಲ್ಲುಗಳ ತುಟಿಯ ಕಡೆಯ ಮೈಯನ್ನು ಮತ್ತು ದವಡೆಹಲ್ಲುಗಳ ಅಗಿಯುವ ಮೈಯನ್ನು ಸವೆಸುತ್ತದೆ. ಹೊಟ್ಟೆಯ ಆಮ್ಲದ ಗುರುತು ಮೇಲಿನ ಬಾಚಿಹಲ್ಲುಗಳ ಒಳಮೈಯಲ್ಲಿ, ಅಂಗುಳದ ಕಡೆ ಮೂಡುತ್ತದೆ. ಕನ್ನಡಿಯಲ್ಲಿ ಕಾಣದ ಜಾಗವಾದ್ದರಿಂದ ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಗರ್ಭಿಣಿಯರ ಮೊದಲ ತಿಂಗಳುಗಳ ವಾಂತಿ ಕೆಲವು ವಾರಗಳಲ್ಲಿ ನಿಲ್ಲುವುದರಿಂದ ಅಷ್ಟು ಚಿಂತೆಯಿಲ್ಲ. ದಪ್ಪಗಾಗುವ ಭಯದಿಂದ ತಿಂದದ್ದನ್ನು ಬೇಕೆಂದೇ ಕಕ್ಕುವ ಬುಲಿಮಿಯಾ ಎಂಬ ಮನೋರೋಗದಲ್ಲಿ ಈ ಒಳಮೈ ಸವೆತ ತೀವ್ರವಾಗಿರುತ್ತದೆ. ಅಲ್ಲಿ ಹಲ್ಲಿನ ಚಿಕಿತ್ಸೆಗಿಂತ ಮೊದಲು ಮನಸ್ಸಿನ ಚಿಕಿತ್ಸೆ ಬೇಕು, ಮತ್ತು ಅದನ್ನು ಕೇಳುವ ವೈದ್ಯರಿಗೆ ಸೂಕ್ಷ್ಮ ಬೇಕು.

ಕೆಲಸದ ಜಾಗದ ಆಮ್ಲವೂ ಒಂದು ಕಾರಣ. ಬ್ಯಾಟರಿ ಕಾರ್ಖಾನೆ, ಲೋಹಕ್ಕೆ ಲೇಪ ಕೊಡುವ ಘಟಕಗಳಲ್ಲಿ ಗಂಧಕಾಮ್ಲದ ಆವಿಗೆ ಮುಂಗಡೆ ಹಲ್ಲುಗಳು ಸವೆಯುವುದು ಬಹುಕಾಲದಿಂದ ದಾಖಲಾಗಿದೆ. ಇದಕ್ಕಿಂತ ವಿಚಿತ್ರವಾದದ್ದು ಅಮೆರಿಕದ ವರ್ಜೀನಿಯಾದಿಂದ 1983ರಲ್ಲಿ ವರದಿಯಾದ ಪ್ರಕರಣ. ಕ್ಲಬ್ಬೊಂದರ ಈಜುಪಟುಗಳ ಹಲ್ಲು ಸವೆಯುತ್ತಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಅವರು ಅಭ್ಯಾಸ ಮಾಡುತ್ತಿದ್ದ ಕೊಳ: ಕ್ಲೋರಿನ್ ಅನಿಲ ಬಳಸುತ್ತಿದ್ದ ಆ ನೀರಿನ ಪಿಎಚ್ 2.7ಕ್ಕೆ ಇಳಿದಿತ್ತು. ಇರಬೇಕಾದದ್ದು 7ರ ಮೇಲೆ, ಅಂದರೆ ಹುಳಿ ಹತ್ತಾರು ಸಾವಿರ ಪಟ್ಟು ಹೆಚ್ಚು. ಸರಿಯಾಗಿ ನೋಡಿಕೊಳ್ಳುವ ಕೊಳದಲ್ಲಿ ಇಂಥ ಭಯವಿಲ್ಲ.

ಸವೆತ ಶುರುವಾದಾಗ ನೋವಿರುವುದಿಲ್ಲ, ಬಣ್ಣವೂ ಬದಲಾಗಿರುವುದಿಲ್ಲ. ಹಲ್ಲಿನ ಮೇಲಿನ ಸಣ್ಣ ಗೆರೆಗಳು ಅಳಿಸಿ ಮೇಲ್ಮೈ ನುಣ್ಣಗೆ, ರೇಷ್ಮೆಯ ಹೊಳಪಿಗೆ ತಿರುಗುತ್ತದೆ. ನೋಡುವವರು ಇದನ್ನು ಚೆಂದ ಎಂದೇ ಭಾವಿಸಬಹುದು. ಮುಂದೆ ಬಾಚಿಹಲ್ಲಿನ ಅಂಚು ತೆಳುವಾಗಿ ಬೆಳಕು ಹಾಯುವಂತಾಗುತ್ತದೆ, ಚೂರು ಚೂರು ಒಡೆಯುತ್ತದೆ. ದವಡೆಹಲ್ಲಿನ ಏಣುಗಳ ತುದಿಯಲ್ಲಿ ಸಣ್ಣ ಗುಳಿಗಳು ಬೀಳುತ್ತವೆ. ಹಿಂದೆ ಬೆಳ್ಳಿ ತುಂಬಿಸಿದ ಹಲ್ಲಾಗಿದ್ದರೆ ಸುತ್ತಲಿನ ಹಲ್ಲು ಇಳಿದು, ತುಂಬಿಸಿದ್ದು ಮಾತ್ರ ದಿಬ್ಬವಾಗಿ ಉಳಿದಿರುತ್ತದೆ. ಆಮ್ಲ ಲೋಹವನ್ನು ಬಿಟ್ಟು ಹಲ್ಲನ್ನು ತಿಂದಿದೆ ಎನ್ನಲು ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ. ಕವಚ ತೆಳುವಾದಂತೆ ಒಳಗಿನ ಡೆಂಟಿನ್ನಿನ ಹಳದಿ ಹೊರಗೆ ಕಾಣುತ್ತದೆ. ಡೆಂಟಿನ್ನಿನ ತುಂಬ ದ್ರವ ತುಂಬಿದ ಅತಿ ಸಣ್ಣ ನಳಿಗೆಗಳಿವೆ. ಅವು ತೆರೆದುಕೊಂಡಾಗ ತಣ್ಣೀರು, ಐಸ್‌ಕ್ರೀಂ, ಕೆಲವೊಮ್ಮೆ ಬರಿಯ ಗಾಳಿ ತಾಗಿದರೂ ಒಳಗಿನ ದ್ರವ ಅಲುಗಿ ನರವನ್ನು ಕೆರಳಿಸುತ್ತದೆ, ಹಲ್ಲು ಜುಮ್ಮೆನ್ನುತ್ತದೆ. ಹೆಚ್ಚಿನವರು ದಂತವೈದ್ಯರಲ್ಲಿಗೆ ಹೋಗುವುದು ಈ ಹಂತದಲ್ಲಿ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಯಚೂರು, ಕೊಪ್ಪಳ, ಗದಗ ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಕಾಣುವ ಕಂದು ಕಲೆಯ, ಗುಳಿಬಿದ್ದ ಹಲ್ಲನ್ನು ಇದರೊಂದಿಗೆ ಬೆರೆಸಬಾರದು. ಅದು ಫ್ಲೋರೋಸಿಸ್. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದಾಗ, ಅಂದರೆ ಲೀಟರಿಗೆ 1.5 ಮಿಲಿಗ್ರಾಂ ದಾಟಿದಾಗ, ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಮಕ್ಕಳ ಎನಾಮಲ್ ಕಟ್ಟುವಾಗಲೇ ಕೆಡುತ್ತದೆ. ಆಮ್ಲ ಸವೆತ ಸರಿಯಾಗಿ ಕಟ್ಟಿದ ಎನಾಮಲ್ ಆಮೇಲೆ ಕಳೆದುಹೋಗುವುದು. ಫ್ಲೋರೈಡ್ ಎಂಬ ಒಂದೇ ವಸ್ತು ಮೊದಲನೆಯದಕ್ಕೆ ಕಾರಣ, ಎರಡನೆಯದಕ್ಕೆ ಔಷಧ. ಬಲಿತ ಹಲ್ಲಿನ ಮೇಲ್ಮೈಗೆ ಹೊರಗಿನಿಂದ ತಾಗಿದ ಫ್ಲೋರೈಡ್ ಹರಳಿನೊಳಗೆ ಸೇರಿಕೊಂಡು ಅದನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ಸಾಮಾನ್ಯ ಎನಾಮಲ್ 5.5ಕ್ಕೆ ಕರಗತೊಡಗಿದರೆ ಫ್ಲೋರೈಡ್ ಸೇರಿದ್ದು ಸುಮಾರು 4.5ರವರೆಗೆ ತಡೆದುಕೊಳ್ಳುತ್ತದೆ. ನಿಂಬೆ, ಕೋಲಾಗಳು ಅದಕ್ಕಿಂತಲೂ ಕೆಳಗಿರುವುದರಿಂದ ಫ್ಲೋರೈಡ್ ಪೇಸ್ಟ್ ಹಚ್ಚಿಕೊಂಡು ಹುಳಿಯ ಅಭ್ಯಾಸ ಮುಂದುವರಿಸುತ್ತೇನೆಂದರೆ ನಡೆಯದು. ತವರದ ಅಂಶವಿರುವ ಸ್ಟ್ಯಾನಸ್ ಫ್ಲೋರೈಡ್ ಪೇಸ್ಟುಗಳು ಹಲ್ಲಿನ ಮೇಲೆ ಆಮ್ಲಕ್ಕೆ ಬೇಗ ಜಗ್ಗದ ಪದರವನ್ನು ಬಿಡುತ್ತವೆ, ಸವೆತಕ್ಕೆ ಸಾಮಾನ್ಯ ಫ್ಲೋರೈಡಿಗಿಂತ ಅವು ಮೇಲು. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು, ನುಂಗದಂತೆ ನೋಡಿಕೊಳ್ಳಬೇಕು. ಫ್ಲೋರೈಡ್ ನೀರಿನ ಊರುಗಳಲ್ಲಿ ಮಕ್ಕಳ ಪೇಸ್ಟಿನ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯುವುದು ಲೇಸು.

ಹುಳಿ ಸೇವಿಸಿದ ಮೇಲೆ ಅರ್ಧ ಗಂಟೆ ಬಿಟ್ಟು ಹಲ್ಲುಜ್ಜಬೇಕೆನ್ನುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಆಮ್ಲ ತಾಗಿದ ಮೇಲ್ಮೈ ಮೆದುವಾಗಿರುವುದು, ಆಗ ಉಜ್ಜಿದರೆ ಹೆಚ್ಚು ಕಳೆದುಹೋಗುವುದು ನಿಜ. ಆದರೆ ಅರ್ಧ ಗಂಟೆಯಲ್ಲಿ ಜೊಲ್ಲು ಅದನ್ನು ಪೂರ್ತಿ ಗಟ್ಟಿಮಾಡಿಬಿಡುತ್ತದೆ ಎನ್ನುವುದು ಪ್ರಯೋಗಗಳಲ್ಲಿ ಅಷ್ಟಾಗಿ ಕಂಡುಬಂದಿಲ್ಲ, ಮತ್ತು ಕಾಯುವ ಒಂದೇ ಉಪಾಯಕ್ಕೆ ತೀರಾ ಒತ್ತು ಕೊಡುವುದನ್ನು ಈಚೆಗೆ ತಜ್ಞರೂ ಪ್ರಶ್ನಿಸಿದ್ದಾರೆ. ಹೆಚ್ಚು ಉಪಯೋಗಕ್ಕೆ ಬರುವುದು ಸರಳವಾದ ಸಂಗತಿಗಳು. ಬೆಳಗ್ಗೆ ತಿಂಡಿಗೆ ಮೊದಲೇ ಹಲ್ಲುಜ್ಜುವ ನಮ್ಮ ಹಳೆಯ ರೂಢಿ ಸರಿಯಾದದ್ದೇ. ಹುಳಿ ತಿಂದೊಡನೆ ಬಾಯಿ ಮುಕ್ಕಳಿಸಬೇಕು. ವಾಂತಿಯಾದರೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಮುಕ್ಕಳಿಸಿದರೆ ಆಮ್ಲ ಸ್ಥಳದಲ್ಲೇ ತಟಸ್ಥವಾಗುತ್ತದೆ. ಹುಳಿ ಪಾನೀಯ ಬಿಡಲಾಗದವರು ತಣ್ಣಗೆ, ಊಟದ ಜೊತೆ, ಬಾಯಲ್ಲಿ ಆಡಿಸದೆ, ಬೇಕಾದರೆ ನಾಲಿಗೆಯ ಹಿಂಭಾಗದವರೆಗೆ ಸ್ಟ್ರಾ ಇಟ್ಟು ಕುಡಿದು ಮುಗಿಸಬಹುದು. ಆಮೇಲೆ ಒಂದು ಗುಟುಕು ಹಾಲು ಅಥವಾ ಚೂರು ಚೀಸ್ ತಿಂದರೆ ಅನುಕೂಲ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಜೊಲ್ಲನ್ನು ಹೆಚ್ಚಿಸುತ್ತದೆ. ಎದೆಯುರಿಯವರು ರಾತ್ರಿ ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆ ಬಿಡಬೇಕು, ಮಂಚದ ತಲೆಯ ಕಡೆ ಎತ್ತರಿಸಬೇಕು, ಮುಖ್ಯವಾಗಿ ಹೊಟ್ಟೆಯ ವೈದ್ಯರನ್ನು ಕಾಣಬೇಕು.

ಬ್ರಶ್ ಮೆದುವಾಗಿರಬೇಕು, ಕೈ ಹಗುರವಾಗಿರಬೇಕು. ಇಲ್ಲೊಂದು ವಿಪರ್ಯಾಸ ದಿನವೂ ನಡೆಯುತ್ತಿರುತ್ತದೆ. ಸವೆದು ಹಳದಿಯಾದ ಹಲ್ಲನ್ನು ಕೊಳೆಯಾಗಿದೆ ಎಂದುಕೊಂಡವರು ಇನ್ನೂ ಜೋರಾಗಿ ಉಜ್ಜುತ್ತಾರೆ. ಇದ್ದಿಲು, ಬೂದಿ, ಉಪ್ಪು, ಇಟ್ಟಿಗೆ ಪುಡಿ ಒಂದು ಕಾಲದವು. ಈಗ ಅದೇ ಇದ್ದಿಲು ದುಬಾರಿ ಟ್ಯೂಬಿನಲ್ಲಿ ಬರುತ್ತದೆ, ನಿಂಬೆ ಸಿಪ್ಪೆಯಿಂದ ಉಜ್ಜುವ ಮನೆಮದ್ದು ಮೊಬೈಲಿನಲ್ಲಿ ಬರುತ್ತದೆ. ಹಳದಿ ಇರುವುದು ಮೇಲೆ ಅಂಟಿದ ಕೊಳೆಯಲ್ಲಲ್ಲ, ಕೆಳಗಿನ ಡೆಂಟಿನ್ನಿನಲ್ಲಿ. ಉಜ್ಜಿದಷ್ಟೂ ಬಿಳಿ ಹೋಗಿ ಹಳದಿಯೇ ಹೆಚ್ಚುತ್ತದೆ.

ಜುಮ್ಮೆನ್ನುವುದಕ್ಕೆ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟುಗಳಿವೆ. ಅವು ನರದ ಸಂವೇದನೆಯನ್ನು ತಗ್ಗಿಸುತ್ತವೆ, ಪರಿಣಾಮ ಕಾಣಲು ಕೆಲವು ವಾರ ಬೇಕು. ಸವೆತ ಅವುಗಳಿಂದ ನಿಲ್ಲುವುದಿಲ್ಲ. ದಂತವೈದ್ಯರು ಫ್ಲೋರೈಡ್ ವಾರ್ನಿಶ್ ಬಳಿಯಬಹುದು, ತೆರೆದ ಡೆಂಟಿನ್ನಿನ ಮೇಲೆ ರಾಳದ ತೆಳು ಲೇಪ ಕೊಡಬಹುದು. ಆಕಾರವೇ ಕೆಟ್ಟ ಹಲ್ಲನ್ನು ಹಿಂದೆ ಸುತ್ತಲೂ ಕೆತ್ತಿ ಕ್ಯಾಪ್ ಹಾಕುತ್ತಿದ್ದರು. ಉಳಿದಿರುವ ಅಲ್ಪಸ್ವಲ್ಪ ಎನಾಮಲ್ಲನ್ನೂ ಕೆತ್ತಿ ತೆಗೆಯುವ ಆ ಕ್ರಮಕ್ಕಿಂತ, ಹಲ್ಲಿನ ಬಣ್ಣದ ಕಾಂಪೋಸಿಟ್ಟನ್ನು ಮೇಲೆ ಅಂಟಿಸಿ ಕಳೆದುಹೋದಷ್ಟನ್ನು ಮಾತ್ರ ಕಟ್ಟುವುದು ಈಗ ಹೆಚ್ಚು ಒಪ್ಪಿತವಾಗಿದೆ. ಅದು ಕ್ಯಾಪಿನಷ್ಟು ಬಾಳಿಕೆ ಬಾರದಿದ್ದರೂ ಒಡೆದಾಗ ಸರಿಪಡಿಸುವುದು ಸುಲಭ. ಆಮ್ಲದ ಮೂಲ ನಿಲ್ಲುವ ಮುನ್ನ ಕಟ್ಟಿದರೆ ಅಂಚಿನಲ್ಲಿ ಹಲ್ಲು ಮತ್ತೆ ಕರಗಿ ಅದು ಸಡಿಲಗೊಳ್ಳುತ್ತದೆ. ಆದ್ದರಿಂದ ಅವಸರವಿಲ್ಲದಿದ್ದರೆ ವೈದ್ಯರು ಕೆಲವು ತಿಂಗಳು ಕಾದು ನೋಡುತ್ತಾರೆ. ಇದಕ್ಕೆಂದು 2008ರಲ್ಲಿ ಬಂದ ಬೇವಿ ಎಂಬ ಅಂಕಪದ್ಧತಿಯಲ್ಲಿ ಬಾಯಿಯನ್ನು ಆರು ಭಾಗ ಮಾಡಿ, ಪ್ರತಿ ಭಾಗದ ಅತಿ ಸವೆದ ಮೈಗೆ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಒಟ್ಟು ಅಂಕ, ಹಲ್ಲಿನ ಅಚ್ಚು ಮತ್ತು ಫೋಟೋಗಳನ್ನು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹೋಲಿಸಿ ನೋಡಿದರೆ ಸವೆತ ಮುಂದುವರಿದಿದೆಯೋ ನಿಂತಿದೆಯೋ ತಿಳಿಯುತ್ತದೆ. ನಿಂತ ಸವೆತಕ್ಕೆ, ನೋವಾಗಲಿ ಆಕಾರದ ತೊಂದರೆಯಾಗಲಿ ಇಲ್ಲದಿದ್ದರೆ, ಏನನ್ನೂ ಕಟ್ಟುವ ಅಗತ್ಯವಿರುವುದಿಲ್ಲ.